ಕೀರ್ತಿಯ ಶಿಖರದಲ್ಲಿ ವಿನಯ

1969ರ ಜುಲೈ ತಿಂಗಳಲ್ಲಿ ಚಂದ್ರನ ನೆಲದ ಮೇಲೆ ಮನುಷ್ಯಕುಲದ ಪ್ರಥಮ ಹೆಜ್ಜೆಯನ್ನಿರಿಸಿದ ನೀಲ್ ಆರ್ಮ್‌ಸ್ಟ್ರಾಂಗರು 2012ರ ಆಗಸ್ಟ್ 25ರಂದು, ತಮ್ಮ 82ನೆಯ ವಯಸ್ಸಿನಲ್ಲಿ ದಿವಂಗತರಾದರು. ಅಂದು ಚಂದ್ರನಲ್ಲಿ ಇಳಿಯಬೇಕಾಗಿದ್ದ ತಾಣವು ಬಂಡೆಗಳಿಂದ ತುಂಬಿರಲು, ಇಂಧನವು ತೀರುತ್ತ ಬಂದಿದ್ದ ಗಳಿಗೆಯಲ್ಲಿಯೂ ಧೃತಿಗೆಡದೆ, ನೌಕೆಯನ್ನು ಸ್ವಹಸ್ತದಿಂದ ನಡೆಸಿ ಸಮತಲವಾದ ಎಡೆಯಲ್ಲಿ ಇಳಿಸಿದ ಆ ಧೀರರು, ಆ ಯಶಸ್ಸು ತಮ್ಮೊಬ್ಬರದಲ್ಲವೆಂದೂ, ಮನುಷ್ಯರನ್ನು ಚಂದ್ರನಲ್ಲಿಗೆ ಕಳುಹಿಸುವ ಅಪೊಲೊ ಯೋಜನೆಗಾಗಿ ದುಡಿದ ಸುಮಾರು 4 ಲಕ್ಷ ಜನರೆಲ್ಲರದೆಂದೂ ಬಗೆದಿದ್ದರು. ಲೋಕವೆಲ್ಲ ಜಯಘೋಷಗೈಯುತ್ತಿರಲು, ಅವರು 1971ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯವನ್ನು ಸೇರಿ, 1979ರವರೆಗೆ ತರುಣರಿಗೆ ವಿಮಾನ ವಿಜ್ಞಾನವನ್ನು ಬೋಧಿಸಿದರು; ತಮ್ಮ ಹಸ್ತಾಕ್ಷರಗಳು ಹಣಕ್ಕೆ ಮಾರಾಟವಾಗುತ್ತಿರುವುದನ್ನರಿತು ಅವನ್ನು ಕೊಡುವುದನ್ನೇ ನಿಲ್ಲಿಸಿದರು. ಎತ್ತರವನ್ನೇರಲು ಸಾಹಸ ಬೇಕು; ಏರಿದ ಮೇಲೆ ಅಹಂಕಾರಕ್ಕೆಡೆಗೊಡದಿರಲು ಅದಕ್ಕಿಂತಲೂ ಹಿರಿದಾದ ಸಂಸ್ಕಾರ ಬೇಕು. ನಮಗೊದಗಿದ ಗೆಲುವು ಅಲ್ಪವೇ ಆಗಲಿ, ನಮ್ಮೊಡನೆ ದುಡಿದವರನ್ನು ಅಂದು ಮರೆಯದೆ ನೆನೆಯೋಣ; ಆ ಮಹನೀಯರಿಗೆ ಸಲ್ಲುವ ಯಥಾರ್ಥವಾದ ಶ್ರದ್ಧಾಂಜಲಿ ಅದೇ.