ಸ್ವಂತ ನೆಲದಲ್ಲಿ ಮಿತವ್ಯಯದ ಕಂಬದ ಕೊಟ್ಟಿಗೆ

ಥಾಣೆ, ಡೊಂಬಿವಲಿ, ಕಲ್ಯಾಣಗಳ ಹೆಸರು ಕೇಳಿದೊಡನೆ ಕಿಕ್ಕಿರಿದ ಲೋಕಲ್ ಗಾಡಿಗಳೂ ಬಹುಮಹಡಿ ಕಟ್ಟಡಗಳೂ ಕಣ್ಣ ಮುಂದೆ ನಿಲ್ಲುವುದು ಸಹಜ. ಆದರೆ ಕಲ್ಯಾಣದಿಂದ ಮುರಬಾಡದ ರಸ್ತೆ ಹಿಡಿದರೆ, ಇಲ್ಲವೆ ಶಹಾಪುರದ ಕಡೆ ಸಾಗಿದರೆ, ಭತ್ತದ ಗದ್ದೆಗಳೂ ಹುಲ್ಲಿನ ಬಣವೆಗಳೂ ದನಕರುಗಳೂ ಇಂದಿಗೂ ಕಾಣಸಿಗುತ್ತವೆ. ಈ ಪ್ರದೇಶದಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಹುಲ್ಲು ನೆನೆದು ಬೂಷ್ಟು ಹಿಡಿದರೆ ಆ ನಾಲ್ಕು ತಿಂಗಳ ಮೇವನ್ನು ಹಣ ತೆತ್ತು ತರಬೇಕಾಗುತ್ತದೆ. ಆದುದರಿಂದ ಸಣ್ಣ ಹಿಡುವಳಿದಾರನಿಗೆ ಕೊಟ್ಟಿಗೆಯೆಂಬುದು ಜೀವನೋಪಾಯದ ಪ್ರಶ್ನೆ.

ಅಡಿಪಾಯದ ಗೋಡೆ ಕಟ್ಟದೆ, ಕಂಬಗಳನ್ನೇ ನೆಲದಲ್ಲಿ ಆಳವಾಗಿ ಹೂತು, ಅವುಗಳ ಮೇಲೆ ಸೂರು ನಿಲ್ಲಿಸುವುದು ಅತ್ಯಂತ ಕಡಿಮೆ ವೆಚ್ಚದ ವಿಧಾನ. ಅಮೆರಿಕದ ರೈತರು 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಇದನ್ನು ಅವಲಂಬಿಸತೊಡಗಿದರು. ಥಾಣೆಯ ಬೆಟ್ಟಸಾಲಿನ ವಾರ್ಲಿ, ಠಾಕೂರ, ಕಾತಕರಿ ಜನರಿಗಾದರೋ ಇದು ಹಿಂದಿನಿಂದಲೂ ಬಂದ ವಿದ್ಯೆ: ಮರದ ಕಂಬ, ಕಾರ್ವಿ ಗಿಡದ ಕಡ್ಡಿಗಳ ತಡಿಕೆ, ಅದಕ್ಕೆ ಸಗಣಿ ಮಣ್ಣಿನ ಲೇಪ. ಕರಾವಳಿಯಿಂದ ಹೋಗಿ ಡೊಂಬಿವಲಿಯಲ್ಲಿ ನೆಲೆಸಿದ ಕನ್ನಡಿಗರಿಗೂ ಊರಿನ ಹಟ್ಟಿ ಕೊಟ್ಟಿಗೆಗಳ ನೆನಪಿರುವುದರಿಂದ ಈ ಪದ್ಧತಿ ಅಪರಿಚಿತವಲ್ಲ.

ಭಾರತೀಯ ಮಾನಕ ಸಂಸ್ಥೆಯ ಶಿಫಾರಸಿನಂತೆ ಒಂದು ಹಸುವಿಗೆ 3.5 ಚದರ ಮೀಟರ್, ಎಮ್ಮೆಗೆ 4 ಚದರ ಮೀಟರ್ ಸೂರಿನಡಿಯ ಜಾಗ ಬೇಕು. ಎರಡು ಹಸು, ಒಂದು ಕರು ಮತ್ತು ಮೇವಿಗೆ 20 ಅಡಿ ಉದ್ದ, 10 ಅಡಿ ಅಗಲದ ಕೊಟ್ಟಿಗೆ ಸಾಕು. ಸಾಲಿಗೆ ಮೂರರಂತೆ ಆರು ಕಂಬಗಳು. ಮುಂದಿನ ಸಾಲು ಹತ್ತೂವರೆ ಅಡಿ, ಹಿಂದಿನದು 8 ಅಡಿ ಎತ್ತರವಿದ್ದರೆ ನೀರು ನಿಲ್ಲದೆ ಹರಿದುಹೋಗುತ್ತದೆ. ನೈಋತ್ಯದಿಂದ ಬೀಸುವ ಮಳೆಗಾಳಿಯ ಕಡೆಗೆ ತಡಿಕೆ ಕಟ್ಟಿ, ಉಳಿದ ಕಡೆ ಗಾಳಿಯಾಡಲು ಬಿಡುವುದು ಲೇಸು. ಮೇವನ್ನು ನೆಲಕ್ಕೆ ತಾಗದಂತೆ ಅಟ್ಟದ ಮೇಲೆ ಇಡಬೇಕು.

ಖರ್ಚಿನ ಲೆಕ್ಕ ಬರೆಯುವಾಗ ಎಲ್ಲರ ಕಣ್ಣೂ ತಗಡಿನ ದರದ ಮೇಲಿರುತ್ತದೆ. ವಾಸ್ತವವಾಗಿ ಕೊಟ್ಟಿಗೆ ಕೆಡುವುದು ಎರಡೇ ಕಡೆ: ಕಂಬ ನೆಲವನ್ನು ಸೇರುವಲ್ಲಿ ಮತ್ತು ಸೂರು ಕಂಬವನ್ನು ಸೇರುವಲ್ಲಿ.

ಕಂಬವು ಆಳದಲ್ಲಿ ಅಷ್ಟಾಗಿ ಕೊಳೆಯುವುದಿಲ್ಲ. ತೇವವೂ ಗಾಳಿಯೂ ಒಟ್ಟಿಗೆ ಸಿಗುವ ನೆಲಮಟ್ಟದಲ್ಲೇ ಕೊಳೆಯುತ್ತದೆ. ಗೆದ್ದಲು ಏರುವುದೂ ಅಲ್ಲಿಂದಲೇ. ಮೂರರಿಂದ ನಾಲ್ಕು ಅಡಿ ಆಳದ ಗುಂಡಿ ತೋಡಿ, ತಳಕ್ಕೆ ಜಲ್ಲಿ ಹಾಕಿ, ಕಂಬದ ಸುತ್ತ ಮುರಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡಬೇಕು. ತಳದಲ್ಲಿ ಸಿಮೆಂಟಿನ ಬಟ್ಟಲು ಮಾಡಿದರೆ ನೀರು ನಿಂತು ಕಂಬಕ್ಕೆ ಮೃತ್ಯುವಾಗುತ್ತದೆ. ಕಂಬವನ್ನು ಹೂಳದೆ ಕಲ್ಲಿನ ಮೇಲೆ ನಿಲ್ಲಿಸುವವರು ಮೂಲೆಗಳಿಗೆ ಓರೆ ಆಧಾರಗಳನ್ನು ಕೊಡಲೇಬೇಕು. ಹೂತ ಕಂಬಕ್ಕಿರುವ ಗಟ್ಟಿತನ ಅದಕ್ಕಿರುವುದಿಲ್ಲ.

ಬಿದಿರು ಅಗ್ಗ. 2017ರ ಅರಣ್ಯ ಕಾಯಿದೆಯ ತಿದ್ದುಪಡಿಯಿಂದ ಅದು ‘ಮರ’ದ ವ್ಯಾಖ್ಯೆಯಿಂದ ಹೊರಬಂದುದರಿಂದ ಸ್ವಂತ ಹೊಲದಲ್ಲಿ ಬೆಳೆದ ಬಿದಿರನ್ನು ಕಡಿಯುವುದು ಸುಲಭವಾಗಿದೆ. ಮೂರು ನಾಲ್ಕು ವರ್ಷ ಬಲಿತ ಗಳಗಳನ್ನು ಮಳೆಗಾಲ ಮುಗಿದ ಮೇಲೆ ಕಡಿದು, ಗಿಣ್ಣುಗಳ ಒಳತಡೆಗೆ ತೂತು ಕೊರೆದು, ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ನೀರಿನಲ್ಲಿ ಒಂದು ವಾರದಷ್ಟು ನೆನೆಹಾಕಿ ನೆರಳಿನಲ್ಲಿ ಒಣಗಿಸಿದರೆ ಹುಳ ಹಿಡಿಯುವುದಿಲ್ಲ. ಆದರೆ ಈ ಔಷಧ ಮಳೆನೀರಿನಲ್ಲಿ ತೊಳೆದುಹೋಗುತ್ತದೆ. ಹೀಗಾಗಿ ಅಂಥ ಬಿದಿರು ಸೂರಿನಡಿಯ ಜಂತಿಗೆ ಯೋಗ್ಯವೇ ಹೊರತು ನೆಲದಲ್ಲಿ ಹೂಳಲು ಅಲ್ಲ. ಕಂಬಗಳಿಗೆ ಕಾಂಕ್ರೀಟ್ ಅಥವಾ ಹಳೆಯ ಕಬ್ಬಿಣದ ಕೊಳವೆ ಬಳಸಿ, ಮೇಲಿನದಕ್ಕೆ ಬಿದಿರು ಬಳಸುವುದು ಬುದ್ಧಿವಂತಿಕೆ.

ಇನ್ನು ಗಾಳಿಯ ಮಾತು. ಮುಂಬಯಿಗೆ ಮಾನಕ ಸಂಹಿತೆಯು ಗೊತ್ತುಪಡಿಸಿರುವ ಮೂಲ ಗಾಳಿವೇಗ ಸೆಕೆಂಡಿಗೆ 44 ಮೀಟರ್. ಆ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 118 ಕಿಲೋಗ್ರಾಂ. ಅದರ ಅರ್ಧದಷ್ಟು ಬಲ ಮೇಲಕ್ಕೆಳೆದರೂ, ಚದರ ಮೀಟರಿಗೆ ಐದು ಕಿಲೋ ತೂಗುವ ತಗಡು ಉಳಿದೀತೆ? 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ರಾಯಗಡದ ಕರಾವಳಿಯನ್ನು ಅಪ್ಪಳಿಸಿದಾಗ ಅನೇಕ ತಗಡಿನ ಸೂರುಗಳು ಹಾರಿಹೋದವು. ತಗಡಿನ ಮೇಲೆ ಕಲ್ಲು ಹೇರುವ ರೂಢಿ ಇನ್ನೂ ಉಂಟು. ಹಾರುವ ಕಲ್ಲು ಹಾರುವ ತಗಡಿಗಿಂತ ಅಪಾಯಕರ. ಜಂತಿಯನ್ನು ತೊಲೆಗೂ ತೊಲೆಯನ್ನು ಕಂಬಕ್ಕೂ ಬೋಲ್ಟು ಮತ್ತು ಕಬ್ಬಿಣದ ಪಟ್ಟಿಗಳಿಂದ ಬಿಗಿದು, ತಗಡನ್ನು ರಬ್ಬರ್ ಬಿಲ್ಲೆಯುಳ್ಳ ಕೊಕ್ಕೆಬೋಲ್ಟುಗಳಿಂದ ಜಂತಿಗೆ ಹಿಡಿಸಬೇಕು. ಒಟ್ಟು ವೆಚ್ಚದಲ್ಲಿ ಇದರ ಪಾಲು ಅಲ್ಪ.

ಕಾಗದಪತ್ರಗಳನ್ನೂ ಕಡೆಗಣಿಸುವಂತಿಲ್ಲ. 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ 41ನೆಯ ಕಲಮು ಕೃಷಿಭೂಮಿಯ ಒಡೆಯನಿಗೆ ಕೃಷಿ ಕಟ್ಟಡ ಕಟ್ಟುವ ಹಕ್ಕನ್ನು ನೀಡಿದೆ. ಆದರೆ ನಗರಗಳ ಎಲ್ಲೆಯೊಳಗೆ ಮುಂಚಿತ ಅನುಮತಿ ಅಗತ್ಯ. ನವಿ ಮುಂಬಯಿಯಲ್ಲಿ ಸಿಡ್ಕೊ ಹಂಚಿದ ನಿವೇಶನಗಳು ಸಾಮಾನ್ಯವಾಗಿ ಗುತ್ತಿಗೆಯ ಕರಾರಿನ ಮೇಲೆ ಕೊಟ್ಟವು. ಅಲ್ಲಿ ಕರಾರಿನ ಷರತ್ತುಗಳನ್ನು ಓದದೆ ಗುಂಡಿ ತೋಡಬಾರದು.

ಕಟ್ಟಿದ ಮೇಲೆ ಪ್ರತಿವರ್ಷ ಮೇ ತಿಂಗಳಲ್ಲಿ, ಮೊದಲ ಮಳೆಗೆ ಮುನ್ನ, ಬೋಲ್ಟುಗಳನ್ನು ಬಿಗಿಗೊಳಿಸಬೇಕು. ಮರದ ಕಂಬವಾಗಿದ್ದರೆ ಬುಡದ ಮಣ್ಣನ್ನು ಒಂದು ಗೇಣು ಸರಿಸಿ ಕಬ್ಬಿಣದ ಮೊಳೆಯಿಂದ ಚುಚ್ಚಿ ನೋಡಬೇಕು. ಮೊಳೆ ಸಲೀಸಾಗಿ ಇಳಿದರೆ ಆ ಕಂಬವನ್ನು ಮಳೆಗೆ ಮೊದಲೇ ಬದಲಿಸತಕ್ಕದ್ದು.