ಗದ್ದಲದೊಳಗಿನ ದನಿ



ಇಚಲಕರಂಜಿ, ಕೊರೋಚಿಗಳ ಯಂತ್ರಮಗ್ಗಗಳ ನಡುವೆ ಬೆಳೆದ ನಮಗೆ ಗದ್ದಲ ಹೊಸತಲ್ಲ. ಅದರೊಳಗೂ ಒಂದು ಮಗ್ಗದ ಲಯ ತಪ್ಪಿದರೆ ನೇಕಾರನ ಕಿವಿ ಅರಿಯುತ್ತದೆ.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಎರಡು ಲೈಗೊ ಯಂತ್ರಗಳಲ್ಲಿ ಗುರುತ್ವ ತರಂಗ ಸಿಕ್ಕಿದ್ದು ಅಂಥದೇ ಆಲಿಕೆಯಿಂದ. ದಾಖಲೆಯನ್ನು ಕ್ಷಣಕ್ಷಣಗಳಾಗಿ ಬಿಡಿಸಿ, ಒಂದೊಂದರಲ್ಲೂ ಯಾವ ಆವರ್ತನಕ್ಕೆ ಎಷ್ಟು ಬಲವೆಂದು ಚಿತ್ರಿಸಿದರೆ ಗದ್ದಲ ಚೆದರಿ ಬೀಳುತ್ತದೆ, ಸಂಕೇತ ಗೆರೆಯಾಗಿ ನಿಲ್ಲುತ್ತದೆ. ಅಂದಿನ ಗೆರೆ 0.2 ಸೆಕೆಂಡಿನಲ್ಲಿ 35ರಿಂದ 250 ಹರ್ಟ್ಸ್‌ಗೆ ಏರಿತು. ಎರಡೂ ಯಂತ್ರಗಳಲ್ಲಿ ಅದೇ ಗೆರೆ! ಎರಡು ಕಪ್ಪುಕುಳಿಗಳು ಕೂಡಿದ ದನಿ ಅದು. ಕಲಕಿದ ಕಪ್ಪುಕುಳಿಯು ಬಡಿದ ಗಂಟೆಯಂತೆ ಮಿಡಿದು ಅಡಗುವುದೆಂದು 1970ರಲ್ಲೇ ಗಣಿಸಿ ತೋರಿಸಿದವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ.

ನಮ್ಮ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲೂ ಲೈಗೊ ಏಳಲಿದೆ. ಅಲ್ಲಿಗೆ ಈ ಶಾಲೆಯ ಮಕ್ಕಳೂ ಹೋಗಬೇಕಾದರೆ ಕನ್ನಡದಲ್ಲಿ ಗಣಿತ ಕಲಿಸುವ ಶಿಕ್ಷಕರ ಸ್ಥಾನವನ್ನು ನಾವು ಒಂದು ವರ್ಷವೂ ಬರಿದಾಗಿಡಲಾಗದು.