ವಿ.ಕೆ. ಮೂರ್ತಿ: ಕ್ಯಾಮೆರಾದ ಹಿಂದಿನ ಹೊಣೆಗಾರಿಕೆ

(ಶಿರಹಟ್ಟಿಯಲ್ಲಿ ಯುವಜನರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಫಕೀರೇಶ್ವರ ಮಠವಿರುವ ಈ ಊರಿನಲ್ಲಿ ಹಿಂದೂ-ಮುಸ್ಲಿಮ್ ಸೌಹಾರ್ದದ ಬಗ್ಗೆ ಉಪದೇಶ ಮಾಡುವ ಅಗತ್ಯ ನಮಗೆ ಕಾಣುವುದಿಲ್ಲ. ಅದು ನಿಮ್ಮ ದಿನನಿತ್ಯದ ಬದುಕಿನಲ್ಲಿಯೇ ಇದೆ. ಆದರೆ ಈ ಬದುಕು ತೆರೆಯ ಮೇಲೆ ಏಕೆ ಕಾಣುವುದಿಲ್ಲ? ಗಡ್ಡ, ಟೋಪಿ, ಬುರ್ಖಾಗಳು ಅಲ್ಲಿ ಹೆಚ್ಚಾಗಿ ಸಂಶಯದ ನೆರಳಿನಲ್ಲಿಯೇ ಕಾಣಿಸಿಕೊಳ್ಳುತ್ತವೆ. ನಾವು ನೋಯುತ್ತೇವೆ, ಮನವಿ ಪತ್ರ ಕೊಡುತ್ತೇವೆ, ಮರೆಯುತ್ತೇವೆ. ಬೆಳಕನ್ನೂ ನೆರಳನ್ನೂ ನಿರ್ಧರಿಸುವವರು ಯಾರು, ಆ ವಿದ್ಯೆಯನ್ನು ಅವರು ಎಲ್ಲಿ ಕಲಿತರು ಎಂದು ಮಾತ್ರ ಕೇಳುವುದಿಲ್ಲ. ಆದ್ದರಿಂದಲೇ ಇಂದು ಕನ್ನಡ ನಾಡಿನ ಒಬ್ಬ ಛಾಯಾಗ್ರಾಹಕರ ಬದುಕನ್ನು ನಿಮ್ಮ ಮುಂದಿಡುತ್ತಿದ್ದೇವೆ.

ವಿ.ಕೆ. ಮೂರ್ತಿಯವರು 1923ರಲ್ಲಿ ಮೈಸೂರಿನಲ್ಲಿ ಜನಿಸಿದರು. ಪಿಟೀಲು ನುಡಿಸಬಲ್ಲವರಾಗಿದ್ದರು. ಸ್ವಾತಂತ್ರ್ಯ ಚಳವಳಿಯಲ್ಲಿ ಪಾಲ್ಗೊಂಡು 1943ರಲ್ಲಿ ಸೆರೆಮನೆಗೂ ಹೋದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು, 1946ರಲ್ಲಿ ಡಿಪ್ಲೊಮಾ ಪಡೆದು ಮುಂಬಯಿಗೆ ತೆರಳಿದರು. ಅಲ್ಲಿ ವರ್ಷಗಳ ಕಾಲ ಸಹಾಯಕರಾಗಿ ದುಡಿದರು. 1951ರ ‘ಬಾಝೀ’ ಚಿತ್ರದಲ್ಲೂ ಅವರು ಸಹಾಯಕರೇ. ಆ ಚಿತ್ರದಲ್ಲಿ ಅವರು ತೆಗೆದ ಒಂದು ಕಷ್ಟದ ದೃಶ್ಯ ನಿರ್ದೇಶಕ ಗುರುದತ್ತರ ಮನಸೆಳೆಯಿತು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರು ತಮ್ಮ ಮುಂದಿನ ಚಿತ್ರ ‘ಜಾಲ್’ಗೆ (1952) ಮೂರ್ತಿಯವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. ‘ಪ್ಯಾಸಾ’ (1957), ‘ಕಾಗಝ್ ಕೇ ಫೂಲ್’ (1959), ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ಆ ಜೊತೆಗಾರಿಕೆಯ ಫಲಗಳು.

‘ಕಾಗಝ್ ಕೇ ಫೂಲ್’ ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಅದರ ಒಂದು ಹಾಡಿನಲ್ಲಿ ಬರಿದಾದ ಸ್ಟುಡಿಯೋದೊಳಗೆ ಬೆಳಕಿನ ಕೋಲೊಂದು ಇಳಿದುಬರುತ್ತದೆ. ವಿದ್ಯುದ್ದೀಪಗಳಿಂದ ತಮಗೆ ಬೇಕಾದ ಪರಿಣಾಮ ಸಿಗದಿದ್ದಾಗ ಮೂರ್ತಿಯವರು ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿದರು. ಕನ್ನಡಿ ಮತ್ತು ಸೂರ್ಯ! ಇವೆರಡೂ ಬಡವನ ಮನೆಗೂ ದೊರೆಯುವ ವಸ್ತುಗಳೇ. ದೊರೆಯದಿರುವುದು ಅವುಗಳನ್ನು ಬಳಸುವ ಅರಿವು. ಚಿತ್ರ ಗಲ್ಲಾ ಪೆಟ್ಟಿಗೆಯಲ್ಲಿ ಸೋತಿತು, ಆದರೆ ಛಾಯಾಗ್ರಹಣಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂದಿತು. ‘ಸಾಹಿಬ್ ಬೀಬಿ ಔರ್ ಗುಲಾಮ್’ಗೂ ಅದೇ ಮನ್ನಣೆ ದೊರೆಯಿತು.

ಸಹೋದರರೇ, ಈ ಚಿತ್ರಗಳನ್ನು ಕಟ್ಟಿದವರು ಯಾರೆಂದು ಗಮನಿಸಿರಿ. ‘ಪ್ಯಾಸಾ’ದ ಹಾಡುಗಳು ಸಾಹಿರ್ ಲುಧಿಯಾನ್ವಿಯವರದು, ಸಂಭಾಷಣೆ ಅಬ್ರಾರ್ ಅಲ್ವಿಯವರದು. ವಹೀದಾ ರೆಹಮಾನ್, ಬಸ್ ಕಂಡಕ್ಟರ್ ಆಗಿದ್ದ ಜಾನಿ ವಾಕರ್ ಅಭಿನಯಿಸಿದರು. ಅವರೆಲ್ಲರ ಮೇಲೆ ಬೆಳಕಿಟ್ಟವರು ಮೈಸೂರಿನ ಮೂರ್ತಿ. ಯಾರೂ ಯಾರ ಧರ್ಮವನ್ನೂ ಕೇಳಲಿಲ್ಲ, ಯಾರೂ ತಮ್ಮ ಧರ್ಮವನ್ನು ಬಿಡಲೂ ಇಲ್ಲ. ಕೆಲಸದ ಶ್ರದ್ಧೆಯೇ ಅವರನ್ನು ಒಂದುಗೂಡಿಸಿತು.

ಗುರುದತ್ತರು 1964ರಲ್ಲಿ ತೀರಿಕೊಂಡ ಮೇಲೂ ಮೂರ್ತಿಯವರ ಕೆಲಸ ನಿಲ್ಲಲಿಲ್ಲ. 1988ರಲ್ಲಿ ದೂರದರ್ಶನದಲ್ಲಿ ಬಂದ ‘ತಮಸ್’ ಧಾರಾವಾಹಿಗೆ ತಮ್ಮ ಹಿಂದಿನ ಸಹಾಯಕ ಗೋವಿಂದ ನಿಹಲಾನಿಯವರ ಜೊತೆ ಅವರು ಛಾಯಾಗ್ರಹಣ ಮಾಡಿದರು. ದೇಶವಿಭಜನೆಯ ಕಾಲದ ಕತೆಯದು. ಹಂದಿಯೊಂದನ್ನು ಕೊಲ್ಲಿಸಿ ಮಸೀದಿಯ ಮೆಟ್ಟಿಲ ಮೇಲೆ ಹಾಕಿ ಊರಿಗೆ ಬೆಂಕಿ ಹಚ್ಚುವ ಸಂಚನ್ನು ಅದು ಬಯಲಿಗಿಟ್ಟಿತು. ಪ್ರಸಾರ ನಿಲ್ಲಿಸಬೇಕೆಂದು ಕೆಲವರು ನ್ಯಾಯಾಲಯಕ್ಕೆ ಹೋದರು. ಸುಪ್ರೀಮ್ ಕೋರ್ಟು ಅದೇ ವರ್ಷ ಆ ಬೇಡಿಕೆಯನ್ನು ತಳ್ಳಿಹಾಕಿತು. ಗಲಭೆಯ ಕತ್ತಲೆಯನ್ನು ತೋರಿಸುವಾಗಲೂ ಯಾವುದೇ ಒಂದು ಸಮುದಾಯದ ಮುಖಕ್ಕೆ ಮಸಿ ಬಳಿಯದಿರಲು ಸಾಧ್ಯವೆಂಬುದಕ್ಕೆ ‘ತಮಸ್’ ಸಾಕ್ಷಿ. 1993ರ ‘ಹೂವು ಹಣ್ಣು’ ಚಿತ್ರದ ಮೂಲಕ ಅವರು ಕನ್ನಡಕ್ಕೂ ದುಡಿದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಅದನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರೇ. 2014ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಮದ್ರಸದಲ್ಲಿ ಕಲಿತವರಿಗೆ ಸಿನಿಮಾದ ಮಾತೇಕೆ ಎಂದು ಕೆಲವರು ಕೇಳಬಹುದು. ಅಶ್ಲೀಲತೆಯನ್ನು ಸಮರ್ಥಿಸಲು ನಾವು ಇಲ್ಲಿ ನಿಂತಿಲ್ಲ. ಚಿತ್ರದ ಬಗ್ಗೆ ಉಲೆಮಾಗಳಲ್ಲಿ ಭಿನ್ನಾಭಿಪ್ರಾಯವಿರುವುದೂ ನಮಗೆ ತಿಳಿದಿದೆ. ಆದರೆ ವಾಸ್ತವವನ್ನು ನೋಡೋಣ. ನಮ್ಮ ಮದುವೆಗಳಲ್ಲಿ ವೀಡಿಯೋ ಇದೆ, ಜೇಬುಗಳಲ್ಲಿ ಕ್ಯಾಮೆರಾ ಇದೆ. ನೋಡುಗರಾಗಿ, ಗಿರಾಕಿಗಳಾಗಿ ನಾವು ಎಂದೋ ಒಳಗೆ ಹೋಗಿದ್ದೇವೆ. ಹೊಣೆ ಹೊತ್ತು ಕ್ಯಾಮೆರಾದ ಹಿಂದೆ ನಿಲ್ಲುವ ಮಾತು ಬಂದಾಗ ಮಾತ್ರ ನಮಗೆ ಧರ್ಮ ನೆನಪಾಗುತ್ತದೆ.

ವಿಪರ್ಯಾಸವೆಂದರೆ, ಈ ವಿದ್ಯೆಗೆ ಬುನಾದಿ ಹಾಕಿದವರಲ್ಲಿ ಬಸ್ರಾದ ಇಬ್ನುಲ್ ಹೈಸಮ್ ಒಬ್ಬರು. ಸಾವಿರ ವರ್ಷಗಳ ಹಿಂದೆ ಅವರು ಕತ್ತಲೆ ಕೋಣೆ ಮತ್ತು ಸಣ್ಣ ರಂಧ್ರದ ಪ್ರಯೋಗ ಮಾಡಿದರು. ವಸ್ತುಗಳಿಂದ ಬರುವ ಬೆಳಕು ಕಣ್ಣನ್ನು ಸೇರುವುದರಿಂದಲೇ ನಾವು ನೋಡುತ್ತೇವೆಂದು ‘ಕಿತಾಬುಲ್ ಮನಾಝಿರ್’ನಲ್ಲಿ ವಿವರಿಸಿದರು. ಮದ್ರಸದಲ್ಲಿ ಅರಬಿ ಕಲಿತ ನಮಗೆ ಆ ಹೆಸರು ಮೊದಲು ಕೇಳಿಸಿದ್ದು ಕಾಲೇಜಿನಲ್ಲಿ. ಪೂರ್ವಜರ ಹಿರಿಮೆಯನ್ನು ಸಭೆಗಳಲ್ಲಿ ಹೇಳಿಕೊಂಡರೆ ಸಾಲದು. ಆ ಹಿರಿಮೆ ನಮ್ಮ ಕೈಗೆ ಕಸುಬಾಗಿ ಬಾರದಿದ್ದರೆ ಅದು ಬರಿಯ ಜಂಬ.

ಆದ್ದರಿಂದ ನಮ್ಮ ಕೋರಿಕೆ ಇಷ್ಟೇ. ಜಮಾತ್‌ಗಳು ವೈದ್ಯಕೀಯ, ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನೀಡುವ ನೆರವನ್ನು ಛಾಯಾಗ್ರಹಣ, ಸಂಕಲನ, ಪತ್ರಿಕೋದ್ಯಮ ಕಲಿಯುವ ಮಕ್ಕಳಿಗೂ ನೀಡಲಿ. ಹೆಸರಘಟ್ಟದ ಸರಕಾರಿ ಸಂಸ್ಥೆಗೆ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳ ಮಕ್ಕಳೂ ಹೋಗಲಿ, ಹೆಣ್ಣುಮಕ್ಕಳೂ ಹೋಗಲಿ. ಅವರು ನಮ್ಮನ್ನು ಹೊಗಳುವ ಚಿತ್ರ ತೆಗೆಯಬೇಕಾಗಿಲ್ಲ. ನಮ್ಮ ತಪ್ಪುಗಳನ್ನೂ, ನೆರೆಯವರ ಒಳಿತನ್ನೂ ಪ್ರಾಮಾಣಿಕವಾಗಿ ತೋರಿಸಲಿ. ನ್ಯಾಯವನ್ನು ಬೇಡುವವರು ಇತರರ ಮುಖದ ಮೇಲೂ ನ್ಯಾಯದ ಬೆಳಕನ್ನೇ ಇಡಬೇಕು. ಮೂರ್ತಿಯವರು ತಮ್ಮದಲ್ಲದ ಮುಖಗಳ ಮೇಲೆ ಜೀವನವಿಡೀ ಮಾಡಿದ್ದು ಅದನ್ನೇ.